ಪಲ್ಪರ್ ಸರದಿಗೆ ನಾವು ಬಿಟ್ಟ ಬಾಣಗಳು

ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ಅದರ ಪಕ್ಕದಲ್ಲಿ ಒಂದು ಗೊಂದಲ ಮೊದಲೇ ಬಂದು ಕುರ್ಚಿ ಹಾಕಿಕೊಂಡು ಕೂತಿರುತ್ತದೆ. ಮದುವೆ ಮನೆಯಲ್ಲಿ ಬಡಿಸಲು ನಿಂತರೆ ಎಲೆಗೆ ಉಪ್ಪಿಗಿಂತ ಮೊದಲು ಮಜ್ಜಿಗೆ ಬಿದ್ದಿರುತ್ತದೆ. ದಾರಿ ಕೇಳಿದವರಿಗೆ ದಾರಿ ತೋರಿಸಿದರೆ ಅವರು ಸಂಜೆ ಮತ್ತೆ ನನ್ನ ಹತ್ತಿರವೇ ಬಂದು ದಾರಿ ಕೇಳುತ್ತಾರೆ. ಇದು ನನ್ನ ತಪ್ಪಲ್ಲ, ಪ್ರತಿಭೆ. ಆದರೆ ಆ ಪ್ರತಿಭೆ ಸಾಫ್ಟ್‌ವೇರ್ ಕ್ಷೇತ್ರಕ್ಕೂ ಬೇಕಾಗುತ್ತದೆ ಅಂತ ಈ ಕೊಯ್ಲಿಗೆ ಮುಂಚೆ ನನಗೇ ಗೊತ್ತಿರಲಿಲ್ಲ. ಕಂಪ್ಯೂಟರಿನ ಒಂದು ಗುಂಡಿಯನ್ನೂ ಒತ್ತದೆ ಸಾಫ್ಟ್‌ವೇರ್ ವಿನ್ಯಾಸ ಮಾಡಿದ ಮನುಷ್ಯ ಯಸಳೂರಿನಿಂದ ಆಲೂರಿನವರೆಗೆ ಹುಡುಕಿದರೂ ನಾನೊಬ್ಬನೇ. ಆಲೂರಿನಿಂದ ಆಚೆ ಹುಡುಕಿಲ್ಲ, ಆಮೇಲೆ ಬಸ್ಸು ಇರಲಿಲ್ಲ.

ವಿಷಯ ಇಷ್ಟೇ. ನಮ್ಮ ಸುತ್ತಿನ ಕಾಫಿ ಬೆಳೆಗಾರರೆಲ್ಲ ಸೇರಿ ಮಾಡಿಕೊಂಡಿರುವ ಒಂದು ಸಂಘ ಇದೆ. ಸಂಘಕ್ಕೆ ಒಂದು ಪಲ್ಪರ್ ಇದೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಹಣ್ಣು ಕೊಯ್ದ ದಿನವೇ ಅದಕ್ಕೆ ಹಾಕಬೇಕು, ತಡ ಮಾಡಿದರೆ ಹುಳಿ ವಾಸನೆ ಹಿಡಿಯುತ್ತದೆ. ಹಾಗಾಗಿ ಕೊಯ್ಲಿನ ಕಾಲದಲ್ಲಿ ಪಲ್ಪರ್ ಮನೆಯ ಮುಂದೆ ಹಣ್ಣಿನ ಮೂಟೆಗಿಂತ ಜಗಳದ ಮೂಟೆಗಳೇ ಜಾಸ್ತಿ ಇಳಿಯುತ್ತವೆ. ಯಾರ ಸರದಿ ಯಾವಾಗ ಅಂತ ಎಲ್ಲರಿಗೂ ಫೋನಿನಲ್ಲೇ ತಿಳಿಯುವ ಹಾಗೆ ಒಂದು ಸಾಫ್ಟ್‌ವೇರ್ ಮಾಡಿಸೋಣ ಅಂತ ಸಂಘ ತೀರ್ಮಾನಿಸಿತು. ಆ ಕೆಲಸ ತನಗೆ ಕೊಡಿ ಅಂತ ಕೇಳಿದವಳು ನನ್ನ ಅಣ್ಣನ ಮಗಳು.

ಅವಳು ಓದಿರುವುದು ಅದೇ ವಿದ್ಯೆ. ಬಾಳ್ಳುಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ. ಆದರೆ ಜನ ಅಲ್ಲಿಗೆ ಬರುವುದು ಜೆರಾಕ್ಸ್ ಮಾಡಿಸಲು. "ಸಾಫ್ಟ್‌ವೇರ್ ಮಾಡಿಕೊಡಲಾಗುವುದು" ಅಂತ ಬೋರ್ಡು ಬರೆಸಿದ ಮೇಲೆ ಬಂದ ಮೊದಲ ಗಿರಾಕಿ, "ಮೆತ್ತಗಿರೋ ಬನಿಯನ್ ಐತೇನವ್ವ?" ಅಂದರಂತೆ. ಈ ಸಂಘದ ಕೆಲಸ ಸಿಕ್ಕಿದರೆ ಅದೇ ಅವಳ ಮೊದಲ ಸಾಫ್ಟ್‌ವೇರು. ಸಂಘದ ಅಧ್ಯಕ್ಷರು ಒಂದು ಷರತ್ತು ಹಾಕಿದರು.

"ಮೊದ್ಲು ನಮಗೆ ಅರ್ಥ ಆಗೋ ಹಂಗೆ ಚಿತ್ರ ಬರೆದು ತೋರ್ಸವ್ವ. ಸಭೆ ಒಪ್ಪಿದ್ರೆ ಕೆಲಸ ನಿಂದು. ಇಲ್ದಿದ್ರೆ ಹಾಸನದಿಂದ ಯಾವುದೋ ಕಂಪನಿಯೋರು ಕೇಳ್ತಾವ್ರೆ, ಅವರಿಗೆ ಕೊಡ್ತೀವಿ."

ಅವಳು ನೆಟ್ಟಗೆ ಬಂದಿದ್ದು ನನ್ನ ಹತ್ತಿರ. "ಚಿಕ್ಕಪ್ಪ, ಈ ಚಿತ್ರ ಒಪ್ಪದಿದ್ರೆ ನಾನು ಜನ್ಮ ಪೂರ್ತಿ ಜೆರಾಕ್ಸೇ ತೆಗೀತಿರಬೇಕು. ಈ ಊರಲ್ಲಿ ಯಾರು ಯಾರಿಗೆ ಏನು ಹೇಳ್ತಾರೆ ಅನ್ನೋದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ನನ್ನ ಈ ಗುಣವನ್ನು ನನ್ನ ಹೆಂಡತಿ ಊರ ಉಸಾಬರಿ ಅನ್ನುತ್ತಾಳೆ. ಓದಿದವರು ಅದನ್ನು ಜ್ಞಾನ ಅಂತ ಗುರುತಿಸಿದ್ದು ಅವತ್ತೇ ಮೊದಲು.

ಎಲ್ಲರೂ ಆಬ್ಜೆಕ್ಟು

ಅವಳು ದೊಡ್ಡದೊಂದು ಹಾಳೆ ಹಾಸಿ ಪಾಠ ಮಾಡಿದಳು. ಮೇಲ್ಗಡೆ ಸಾಲಾಗಿ ಚೌಕಗಳು. ಒಂದೊಂದು ಚೌಕ ಒಂದೊಂದು ಆಬ್ಜೆಕ್ಟು: ಬೆಳೆಗಾರ, ಸರದಿ, ಆಪರೇಟರ್, ಪಲ್ಪರ್, ಹೀಗೆ. ಪ್ರತಿ ಚೌಕದಿಂದ ಕೆಳಕ್ಕೆ ಒಂದು ಚುಕ್ಕೆಗೆರೆ, ಅದು ಆ ಆಬ್ಜೆಕ್ಟಿನ ಆಯಸ್ಸು. ಒಬ್ಬರು ಇನ್ನೊಬ್ಬರಿಗೆ ಏನಾದರೂ ಹೇಳಿದರೆ ಈ ಗೆರೆಯಿಂದ ಆ ಗೆರೆಗೆ ಒಂದು ಬಾಣ. ಮೊದಲು ಹೇಳಿದ್ದು ಮೇಲೆ, ಆಮೇಲೆ ಹೇಳಿದ್ದು ಕೆಳಗೆ. ಇದಕ್ಕೆ ಇಂಟರಾಕ್ಷನ್ ಡಯಾಗ್ರಮ್ ಅಂತ ಹೆಸರಂತೆ.

"ಇಷ್ಟೇನಾ?" ಅಂದೆ.

"ಇಷ್ಟೇ ಚಿಕ್ಕಪ್ಪ."

"ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿತ್ತಾ? ನಾನು ಬಸ್‌ಸ್ಟ್ಯಾಂಡಿನಲ್ಲಿ ಕೂತು ದಿನಾ ಇದೇ ಮಾಡ್ತೀನಲ್ಲ, ಹಾಳೆ ಇಲ್ಲದೆ."

ಅವಳು ಹಾಳೆ ಸುತ್ತಿಕೊಂಡು ಎದ್ದಳು. ಪಲ್ಪರ್ ಹೇಗೆ ಕೆಲಸ ಮಾಡುತ್ತದೆ, ಯಾರ ಮಾತು ಕೇಳುತ್ತದೆ ಅಂತ ತಿಳಿಯಲು ನಾವಿಬ್ಬರೂ ಪಲ್ಪರ್ ಮನೆಗೆ ಹೋದೆವು. ಅಲ್ಲಿನ ಆಪರೇಟರು ಬೆಲ್ಟಿಗೆ ಏನೋ ಬಳಿಯುತ್ತಾ ಕೂತಿದ್ದ. ನಾನು ದೂರದಿಂದಲೇ ಕೂಗಿದೆ.

"ಲೋ, ನಿನ್ನ ಆಬ್ಜೆಕ್ಟ್ ಮಾಡ್ಬೇಕು ಕಣೋ!"

ಅವನ ಮುಖ ಇಳಿಯಿತು. "ಯಾರ್ದು ಆಬ್ಜೆಕ್ಷನ್ನು? ನನ್ ಮೇಲೆ ಯಾರು ದೂರು ಕೊಟ್ಟೋರು?"

"ಆಬ್ಜೆಕ್ಷನ್ ಅಲ್ಲ ಮಾರಾಯ, ಆಬ್ಜೆಕ್ಟು. ನೀನೂ ಒಂದು ಆಬ್ಜೆಕ್ಟು, ನಿನ್ನ ಪಲ್ಪರೂ ಒಂದು ಆಬ್ಜೆಕ್ಟು. ನೋಡು, ಒಂದೇ ಅಳತೆ ಚೌಕ."

ಅವನು ಎರಡು ಚೌಕವನ್ನೂ ಬೆರಳಿನಲ್ಲಿ ಅಳೆದು ನೋಡಿದ. "ಅಂದ್ರೆ ಇದಕ್ಕೂ ನಂಗೂ ಒಂದೇ ಮರ್ಯಾದೆನಾ?"

"ಒಂದೇ."

"ಹಂಗಾದ್ರೆ ಆಯುಧಪೂಜೇಲಿ ಇದಕ್ಕೆ ಹಾರ ಹಾಕ್ತೀರಲ್ಲ, ನಂಗ್ಯಾಕೆ ಹಾಕಲ್ಲ?"

ಅಣ್ಣನ ಮಗಳು ನನ್ನ ಮುಖ ನೋಡಿದಳು. ನಾನು ಸಮಯಪ್ರಜ್ಞೆಗೆ ಹೆಸರಾದವನು. ಪೆನ್ಸಿಲ್ ತೆಗೆದು ಅವನ ಚೌಕದ ಸುತ್ತ ಒಂದು ಸೇವಂತಿಗೆ ಹಾರ ಬಿಡಿಸಿದೆ. ಅವನಿಗೆ ಸಮಾಧಾನವಾಯಿತು. ನಾವು ಹೊರಡುವಾಗ ಮತ್ತೆ ಓಡಿ ಬಂದ.

"ಯಜಮಾನ್ರೆ, ಪಲ್ಪರ್ ಚೌಕಕ್ಕೂ ಒಂದು ಹಾಕ್ಬುಡಿ. ನಂಗೊಬ್ಬನಿಗೇ ಹಾಕಿರೋದು ಅದಕ್ಕೆ ಗೊತ್ತಾದ್ರೆ ಕೊಯ್ಲಿನ ಟೈಮಲ್ಲಿ ಬೆಲ್ಟ್ ಹರ್ಕಂಡು ಕೂತ್ಬುಡ್ತದೆ."

ಉತ್ತರದ ಬಾಣ

ಬಾಣಗಳಲ್ಲಿ ಎರಡು ಜಾತಿ ಅಂತ ಅವಳು ಹೇಳಿಕೊಟ್ಟಳು. ಒಂದು, ಕೇಳಿ ಉತ್ತರಕ್ಕೆ ಕಾಯುವುದು. ಉತ್ತರ ಚುಕ್ಕೆಬಾಣವಾಗಿ ವಾಪಸ್ ಬರುತ್ತದೆ. ಇನ್ನೊಂದು, ಹೇಳಿ ಸುಮ್ಮನೆ ಹೊರಟುಹೋಗುವುದು. "ನಿಮ್ಮನೆದೇ ಒಂದು ಬರೆದು ಅಭ್ಯಾಸ ಮಾಡಿ ಚಿಕ್ಕಪ್ಪ" ಅಂದಳು.

ನಾನು ಎರಡು ಚೌಕ ಹಾಕಿದೆ. ಒಂದು ನಾನು, ಒಂದು ನನ್ನ ಹೆಂಡತಿ. ನನ್ನಿಂದ ಅವಳಿಗೆ ಒಂದು ಬಾಣ: ಕಾಫಿ. ಅವಳಿಂದ ನನಗೆ ಒಂದು ಚುಕ್ಕೆಬಾಣ: ಲೋಟ. ಚಿತ್ರ ಎಷ್ಟು ಅಂದವಾಗಿ ಬಂದಿತ್ತೆಂದರೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಬಹುದಿತ್ತು. ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು.

"ಇದು ಯಾರ ಮನೆ ರೀ?"

"ನಮ್ಮನೇನೇ ಕಣೇ."

"ನಮ್ಮನೇನಾ? ಮತ್ತೆ ನಾನು ಕೇಳೋದೆಲ್ಲ ಎಲ್ಲಿ? ಹಾಲು ತಂದ್ರಾ ಅಂತ ಕೇಳ್ತೀನಿ. ಗ್ಯಾಸ್ ಬುಕ್ ಮಾಡಿದ್ರಾ ಅಂತ ಕೇಳ್ತೀನಿ. ಮೋಟ್ರು ಆಫ್ ಮಾಡಿದ್ರಾ, ಕನ್ನಡಕ ಎಲ್ಲಿಟ್ರಿ, ಆ ಒದ್ದೆ ಟವೆಲ್ ಹಾಸಿಗೆ ಮೇಲೆ ಯಾಕೆ ಬಂತು ಅಂತ ಕೇಳ್ತೀನಿ. ಕೊಡಿ ಇಲ್ಲಿ ಪೆನ್ಸಿಲು."

ಒಲೆಯ ಮೇಲಿನ ಸಾರು ಇಳಿಸಿ ಬಂದು ಕೂತಳು. ಸಂಜೆಯ ಹೊತ್ತಿಗೆ ಹಾಳೆಯ ತುಂಬ ಬಾಣ, ಎಲ್ಲದರ ಮೂತಿಯೂ ನನ್ನ ಕಡೆಗೆ. ನನ್ನ ಗೆರೆ ಮುಳ್ಳುಹಂದಿಯ ಬೆನ್ನಿನಂತೆ ಕಾಣುತ್ತಿತ್ತು.

ಅಣ್ಣನ ಮಗಳು ಬಂದು ಬೆರಗಾಗಿ ನೋಡಿದಳು. "ಚಿಕ್ಕಮ್ಮ, ಎಷ್ಟು ಸರಿಯಾಗಿ ಬರೆದಿದ್ದೀರ! ಕ್ರಮ ಎಲ್ಲ ಸರಿಯಾಗಿದೆ. ಒಂದೇ ತಪ್ಪು. ನೀವು ಇಷ್ಟೊಂದು ಕೇಳಿದ್ದಕ್ಕೆ ಚಿಕ್ಕಪ್ಪನ ಕಡೆಯಿಂದ ಒಂದೂ ಉತ್ತರದ ಬಾಣ ಇಲ್ಲ."

"ಅದು ತಪ್ಪಲ್ಲ ಕಣೇ," ಅಂದಳು ನನ್ನ ಹೆಂಡತಿ, "ನಮ್ಮನೆ ಇರೋದೇ ಹಂಗೆ."

ಕಂಬ

ಬೆಳಗೋಡು ಕಡೆ ನಮ್ಮ ಸಂಘದ ಸದಸ್ಯರು ಇಬ್ಬರು ಅಣ್ಣತಮ್ಮಂದಿರಿದ್ದಾರೆ. ಆಸ್ತಿ ಪಾಲಾದಾಗಿನಿಂದ ಮಾತಿಲ್ಲ. ಮನೆಗೆ ನಡುವೆ ಗೋಡೆ ಎದ್ದಿದೆ, ಜಗುಲಿ ಮಾತ್ರ ಒಂದೇ. ಆದರೆ ಪಲ್ಪರ್ ಸರದಿಗೆ ಇವರಿಬ್ಬರೂ ಒಂದು ದಿನವೂ ಜಗಳವಾಡಿದ್ದಿಲ್ಲ. ಇದು ಹೇಗೆ ಅಂತ ತಿಳಿದರೆ ಚಿತ್ರಕ್ಕೆ ಉಪಯೋಗ ಅಂತ ಹೋದೆವು.

ಇಬ್ಬರೂ ಜಗುಲಿಯ ಆ ತುದಿ ಈ ತುದಿಯಲ್ಲಿ ಕೂತಿದ್ದರು. ಅಣ್ಣ ಗಂಟಲು ಸರಿಮಾಡಿಕೊಂಡು ಜಗುಲಿಯ ಕಂಬಕ್ಕೆ ಹೇಳಿದ, "ನಾಳಿಕ್ಕೆ ನಮ್ದು ಕೊಯ್ಲು ಐತೆ ಅಂತ ಹೇಳು."

ತಮ್ಮನೂ ಅದೇ ಕಂಬಕ್ಕೆ ಹೇಳಿದ, "ನಮ್ದೂ ಐತೆ. ಅವ್ರದ್ದು ಮೊದ್ಲು ಹೋಗ್ಲಿ, ನಮ್ಮ ಆಳುಗಳು ಬರೋದು ತಡ ಅಂತ ಹೇಳು."

"ಆಗ್ಲಿ ಅಂತ ಹೇಳು" ಅಂದ ಅಣ್ಣ. ಮುಗಿಯಿತು.

ನನ್ನ ಅಣ್ಣನ ಮಗಳು ಪೆನ್ಸಿಲ್ ಹಿಡಿದು ಕೂತೇ ಇದ್ದಳು. "ಚಿಕ್ಕಪ್ಪ, ಬಾಣ ಯಾರಿಂದ ಯಾರಿಗೆ? ಅಣ್ಣ ತಮ್ಮನಿಗೆ ಹೇಳಿಲ್ಲ. ತಮ್ಮ ಅಣ್ಣನಿಗೆ ಹೇಳಿಲ್ಲ. ಆದ್ರೂ ಇಬ್ಬರಿಗೂ ಗೊತ್ತಾಯ್ತು."

"ಕಂಬಕ್ಕೊಂದು ಚೌಕ ಹಾಕು" ಅಂದೆ.

ಅವಳು ಹಾಕಿದಳು. ಅಣ್ಣನಿಂದ ಕಂಬಕ್ಕೆ ಬಾಣ, ಕಂಬದಿಂದ ತಮ್ಮನಿಗೆ ಬಾಣ. ಹಾಕಿ, ಅದನ್ನೇ ನೋಡುತ್ತಾ, ಇಂಥದ್ದನ್ನು ಕಾಲೇಜಿನಲ್ಲಿ ಬಹಳ ದೊಡ್ಡ ಹೆಸರಿಟ್ಟು ಕಲಿಸಿದ್ದರು ಅಂತ ಏನೋ ಗೊಣಗಿದಳು. ಆಮೇಲೆ ಕೇಳಿದಳು, "ಆಬ್ಜೆಕ್ಟಿಗೆ ಒಂದು ಹೆಸರು ಕೊಡಬೇಕು. ಬರೀ ಕಂಬ ಅಂದ್ರೆ ಸಾಲದು. ಏನು ಬರೀಲಿ?"

"ನಮ್ಮಪ್ಪನ ಹೆಸರು ಬರಿ" ಅಂದರು ಇಬ್ಬರೂ, ಒಟ್ಟಿಗೇ, ಒಂದೇ ಉಸಿರಿನಲ್ಲಿ.

ಹೇಳಿದ ಮೇಲೆ ಇಬ್ಬರೂ ಬೆಚ್ಚಿಬಿದ್ದರು. ಒಬ್ಬರ ಮುಖ ಒಬ್ಬರು ನೋಡಿಯೂಬಿಟ್ಟರು. ಅಣ್ಣ ತಕ್ಷಣ ಕಂಬದ ಕಡೆ ತಿರುಗಿ ಗದರಿದ.

"ಇದು ಮಾತಾಡಿದ ಲೆಕ್ಕ ಅಲ್ಲ ಅಂತ ಹೇಳು!"

ಆನೆ

ಚಿತ್ರ ಮುಗಿಯಿತು ಅಂತ ಅವಳು ಹಾಳೆ ಸುತ್ತಿಡುವಾಗ ನಾನು ತಡೆದೆ. "ಆನೆ ಎಲ್ಲಿ?"

"ಯಾವ ಆನೆ?"

"ಯಾವುದಾದ್ರೂ. ಆನೆ ಇಳಿದೈತೆ ಅಂತ ಅರಣ್ಯ ಇಲಾಖೆಯಿಂದ ಫೋನಿಗೆ ಮೆಸೇಜ್ ಬಂದ್ರೆ ತೋಟಕ್ಕೆ ಯಾರೂ ಹೋಗಲ್ಲ. ಕೊಯ್ಲು ನಿಲ್ಲುತ್ತೆ, ಸರದಿ ಎಲ್ಲ ಏರುಪೇರು. ನಮ್ಮ ಕಡೆ ಪಲ್ಪರ್ ಸರದಿ ಬದಲಾಯಿಸೋ ಅಧಿಕಾರ ಇರೋದು ಅಧ್ಯಕ್ಷರಿಗೆ ಬಿಟ್ರೆ ಅದಕ್ಕೇ."

ಅವಳು ಒಪ್ಪಿದಳು. ಹೊರಗಿನಿಂದ ಬಂದು ನಮ್ಮ ವ್ಯವಸ್ಥೆಗೆ ಏನಾದರೂ ಹೇಳುವವರಿಗೆ ಆಕ್ಟರ್ ಅನ್ನುತ್ತಾರಂತೆ. ಅವರಿಗೆ ಚೌಕ ಇಲ್ಲ, ಒಂದು ಕಡ್ಡಿಮನುಷ್ಯನ ಚಿತ್ರ. ನಾನು ಖುಷಿಯಿಂದ ನಾಲ್ಕು ಕಾಲು, ಸೊಂಡಿಲು, ಬಾಲ ಎಲ್ಲ ಬಿಡಿಸಿದೆ. ಅವಳು ರಬ್ಬರಿನಲ್ಲಿ ಅಳಿಸಿದಳು.

"ಕಡ್ಡಿಮನುಷ್ಯನೇ ಬರೀಬೇಕು ಚಿಕ್ಕಪ್ಪ. ಅದು ನಿಯಮ."

ಹಾಗಾಗಿ ಎರಡು ಕೈ, ಎರಡು ಕಾಲು, ಗುಂಡಗೆ ಒಂದು ತಲೆ; ಕೆಳಗೆ "ಆನೆ" ಅಂತ ಬರಹ. ನೋಡಿದರೆ ಯಾರೋ ಪಾಪದ ಮನುಷ್ಯನಿಗೆ ಊರವರು ಅಡ್ಡಹೆಸರು ಇಟ್ಟ ಹಾಗಿತ್ತು. ಆನೆಯಿಂದ ಸರದಿಗೆ ಒಂದು ಬಾಣ ಬಂತು. ಆಮೇಲೆ ಅವಳು ಏನೋ ನೆನಪಾದವಳ ಹಾಗೆ, "ಮೆಸೇಜ್ ಬಂದ ಮೇಲೆ ಉತ್ತರ ಹೋಗಬೇಕಲ್ಲ" ಅನ್ನುತ್ತಾ ಸರದಿಯ ಕಡೆಯಿಂದ ಆನೆಯ ಕಡೆಗೆ ಗೆರೆ ಎಳೆಯತೊಡಗಿದಳು. ನಾನು ಹಾರಿ ಹೋಗಿ ಅವಳ ಕೈ ಹಿಡಿದುಕೊಂಡೆ.

"ಬೇಡ ಕಣವ್ವ! ಆನೆ ಕಡೆಗೆ ಬಾಣ ಬಿಟ್ರೆ ಫಾರೆಸ್ಟ್‌ನೋರು ಕೇಸ್ ಹಾಕ್ತಾರೆ!"

ಅಧ್ಯಕ್ಷರ ಆಯಸ್ಸು

ಸಭೆಗೆ ಮುಂಚೆ ಒಂದು ಸಲ ನೋಡಿಬಿಡೋಣ ಅಂತ ಅಧ್ಯಕ್ಷರು ನಮ್ಮನೆಗೆ ಬಂದರು. ಅಣ್ಣನ ಮಗಳು ಒಳಗೆ ಚಿಕ್ಕಮ್ಮನ ಜೊತೆ ಅಕ್ಕಿರೊಟ್ಟಿ ತಿನ್ನುತ್ತಿದ್ದಳು. ಇಷ್ಟಕ್ಕೆಲ್ಲ ಅವಳನ್ನು ಯಾಕೆ ಎಬ್ಬಿಸುವುದು, ನಾನಿದ್ದೇನಲ್ಲ ಅಂತ ಹಾಳೆ ಬಿಚ್ಚಿದೆ.

ಆ ಚಿತ್ರದಲ್ಲಿ "ಅಧ್ಯಕ್ಷರ ಅನುಮತಿ" ಅನ್ನುವುದಕ್ಕೆ ಒಂದು ಚೌಕ ಇತ್ತು. ಜಾಗ ಸಾಲದೆ ಬರೀ "ಅಧ್ಯಕ್ಷರು" ಅಂತ ಬರೆದಿದ್ದಳು. ಅವರು ತಮ್ಮ ಚೌಕ ಹುಡುಕಿ, ಅದರ ಚುಕ್ಕೆಗೆರೆಯ ಮೇಲೆ ಬೆರಳಿಟ್ಟು ಇಳಿಯತೊಡಗಿದರು.

"ಈ ಗೆರೆ ಏನು?"

"ಅದು ನಿಮ್ಮ ಆಯಸ್ಸು" ಅಂದೆ, ತಿಳಿದವನ ಗತ್ತಿನಲ್ಲಿ.

ಬೆರಳು ನಿಧಾನವಾಯಿತು. "ಎಲ್ಲಾರ್ದೂ ಹಾಳೆ ತುದಿಗಂಟ ಐತೆ. ನಂದ್ಯಾಕೆ ಅರ್ಧಕ್ಕೇ ನಿಂತೈತೆ? ಇಲ್ಲೇನಿದು ಇಂಟು ಮಾರ್ಕು?"

"ಅಲ್ಲಿಗೆ ನೀವು ಮುಗಿದ್ರಿ."

ಅವರು ಕುರ್ಚಿಗೆ ಒರಗಿದರು. ನಾನು ಗಾಬರಿಯಿಂದ ಕೂಗಿದ್ದಕ್ಕೆ ಅಣ್ಣನ ಮಗಳು ಎಂಜಲು ಕೈಯಲ್ಲೇ ಓಡಿಬಂದಳು. "ಮಾವ, ಮಾವ, ಅದು ನೀವಲ್ಲ! ನಿಮ್ಮ ಅನುಮತಿ ಮಾತ್ರ. ಸರದಿ ಕೊಟ್ಟಾದ ಮೇಲೆ ಅದರ ಕೆಲಸ ಮುಗೀತು. ಆಮೇಲೆ ಮೆಮೊರಿಯಿಂದ ತೆಗೆದುಬಿಡ್ತೀವಿ, ಅಷ್ಟೇ."

"ಮೆಮೊರಿಯಿಂದ್ಲೂ ತೆಗೀತೀರಾ?" ಅಂದರು ಅಧ್ಯಕ್ಷರು. "ಇಷ್ಟು ವರ್ಷ ಸಂಘಕ್ಕೆ ದುಡಿದಿದ್ದೀನಿ. ಗೋಡೆ ಮೇಲೆ ಒಂದು ಫೋಟೋನೂ ಹಾಕಲ್ವಾ?"

ಅವಳು ಇಂಟು ಮಾರ್ಕು ಅಳಿಸಿದಳು. ಗೆರೆಯನ್ನು ಹಾಳೆಯ ತುದಿಯವರೆಗೆ ಎಳೆದಳು. ಅವರು ಮೇಲೇಳಲಿಲ್ಲ. ನಾನು ಗೋಂದು ತಂದು ಕೆಳಗೊಂದು ಹಾಳೆ ಅಂಟಿಸಿ ಇನ್ನಷ್ಟು ಎಳೆದೆ. ಆಗ ಅವರು ನೀರು ಕುಡಿದು, ಎದ್ದು, ಬಾಗಿಲಲ್ಲಿ ತಿರುಗಿ ನೋಡಿ ಹೇಳಿದರು, "ಹಾಳೆ ಉಳಿದಿದ್ರೆ ಇನ್ನೊಂದು ಅಂಟ್ಸು ಮಾರಾಯ. ಮೊಮ್ಮಗಳ ಮದುವೆ ನೋಡ್ಬೇಕು ಅಂತ ಆಸೆ ಐತೆ."

ಮೇಲಿನೋರು, ಕೆಳಗಿನೋರು

ಸಭೆಯ ದಿನ ಸಂಘದ ಕೊಠಡಿ ತುಂಬಿತ್ತು. ಅಣ್ಣನ ಮಗಳು ಹಾಳೆಯನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿ, ಚೆನ್ನಾಗಿ, ನಿಧಾನವಾಗಿ ವಿವರಿಸಿದಳು. ಮೊದಲ ಬಾಣ: ಮೇಲಿನ ತೋಟದವರು ಸರದಿ ಕೇಳುತ್ತಾರೆ. ಅದರ ಕೆಳಗಿನ ಬಾಣ: ಕೆಳಗಿನ ತೋಟದವರು ಸರದಿ ಕೇಳುತ್ತಾರೆ. ಈ ಉದಾಹರಣೆ ಹಾಕು ಅಂತ ಹೇಳಿಕೊಟ್ಟ ಮಹಾನುಭಾವ ನಾನೇ.

ನಮ್ಮ ಸಂಘದಲ್ಲಿ ಗುಡ್ಡದ ಮೇಲೆ ತೋಟ ಇರುವವರು ಮೇಲಿನೋರು, ಹೊಳೆಯ ಪಕ್ಕ ತೋಟ ಇರುವವರು ಕೆಳಗಿನೋರು. ಎಲ್ಲ ಜಗಳವೂ ಈ ಲೆಕ್ಕದಲ್ಲೇ. ಕೆಳಗಿನೋರ ಪೈಕಿ ಹಿರಿಯರೊಬ್ಬರು ಎದ್ದು ನಿಂತರು.

"ಎಲ್ಲಾ ಸರಿ ಕಣವ್ವ. ಇವರ ಬಾಣ ಯಾಕೆ ಮೇಲೈತೆ, ನಮ್ಮ ಬಾಣ ಯಾಕೆ ಕೆಳಗೈತೆ?"

"ಮೇಲೆ ಅಂದ್ರೆ ಏನೂ ಇಲ್ಲ ಅಜ್ಜ," ಅಂದಳು ಅವಳು ಸಮಾಧಾನವಾಗಿ. "ಮೇಲಿನೋರು ಮೊದಲು ಅಂತ ಅಷ್ಟೇ."

ಕೊಠಡಿಗೆ ಕಣಜದ ಹುಳುಗಳು ಹೊಕ್ಕ ಹಾಗಾಯಿತು.

"ಕೇಳಿದ್ರಾ? ಬಾಯ್ಬಿಟ್ಟು ಹೇಳ್ಬುಟ್ಲು! ಮೇಲಿನೋರು ಮೊದ್ಲಂತೆ!"

"ಅಯ್ಯೋ, ಅದು ಉದಾಹರಣೆ!"

"ಉದಾಹರಣೇಲೂ ನಾವೇ ಕೆಳಗಾ?"

ಮೇಲಿನೋರಲ್ಲಿ ಒಬ್ಬರು, "ಇರೋದನ್ನೇ ಬರೆದವ್ಳೆ, ಇದ್ರಲ್ಲಿ ತಪ್ಪೇನೈತೆ? ನಿಮ್ಮ ತೋಟನ ಗುಡ್ಡದ ಮೇಲೆ ತಂದಿಡೋಕಾಗ್ತದಾ?" ಅಂದರು. ಆಮೇಲೆ ಯಾರ ಮಾತು ಯಾರಿಗೂ ಕೇಳಲಿಲ್ಲ. ಅಧ್ಯಕ್ಷರು ಮೇಜು ಕುಟ್ಟಿ, "ಇದು ಆಗೋ ಹಂಗೆ ಕಾಣಲ್ಲ, ಹಾಸನದೋರಿಗೇ ಫೋನ್ ಮಾಡ್ತೀನಿ" ಅಂತ ಜೇಬಿಗೆ ಕೈ ಹಾಕಿದರು. ಅಣ್ಣನ ಮಗಳು ಪೆನ್ಸಿಲನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದಳು. ಜೆರಾಕ್ಸ್ ಮಿಷನ್ನಿನ ಬೆಳಕು ಈಗಲೇ ಅವಳ ಮುಖದ ಮೇಲೆ ಹಾಯುತ್ತಿರುವ ಹಾಗೆ ನನಗೆ ಕಂಡಿತು.

ಇಂಥ ಹೊತ್ತಿಗೇ ದೇವರು ನನ್ನನ್ನು ಸೃಷ್ಟಿಸಿರುವುದು. ನಾನು ಎದ್ದು ಹೋಗಿ, ಹಾಳೆಯನ್ನು ಮೊಳೆಯಿಂದ ಕಿತ್ತು, ತಲೆಕೆಳಗು ಮಾಡಿ ನೇತುಹಾಕಿದೆ.

"ಈಗ ಯಾರು ಮೇಲೆ?"

ಎಲ್ಲರೂ ಕತ್ತು ತಿರುಚಿ ನೋಡಿದರು. ಕೆಳಗಿನೋರ ಬಾಣ ಮೇಲೆ ಬಂದಿತ್ತು. ಹಾಗೆ ನೋಡಿದರೆ ಪಲ್ಪರಿನಿಂದ ಬೀಜ ವಾಪಸ್ ಹೋಗಿ ಹಣ್ಣಾಗುತ್ತಿತ್ತು, ಹಣ್ಣು ತೋಟಕ್ಕೆ ಹೋಗಿ ಗಿಡಕ್ಕೆ ಅಂಟಿಕೊಳ್ಳುತ್ತಿತ್ತು, ಎಲ್ಲ ಮುಗಿದ ಮೇಲೆ ಬೆಳೆಗಾರ ಫೋನ್ ಮಾಡಿ ಸರದಿ ಕೇಳುತ್ತಿದ್ದ.

"ಚಿಕ್ಕಪ್ಪ, ಅರ್ಥನೇ ಉಲ್ಟಾ ಆಯ್ತು" ಅಂತ ಅವಳು ಕಿವಿಯಲ್ಲಿ ಪಿಸುಗುಟ್ಟಿದಳು.

"ಅರ್ಥ ಆಗಿದ್ದಕ್ಕೇ ಇಷ್ಟೊತ್ತು ಜಗಳ ಆಗಿದ್ದು. ಸುಮ್ನಿರು."

"ಈಗ ಸರಿಯಾಗಿ ಬರೆದವ್ಳೆ" ಅಂದರು ಕೆಳಗಿನ ಹಿರಿಯರು. ಅಷ್ಟರಲ್ಲಿ ಮೇಲಿನೋರು ಎದ್ದರು. ಕೊನೆಗೆ ಅಧ್ಯಕ್ಷರು ತೀರ್ಪು ಕೊಟ್ಟರು: ಕೆಲಸ ಈ ಹುಡುಗಿಗೇ, ಚಿತ್ರ ಗೋಡೆಯ ಮೇಲೆ ಒಂದು ವಾರ ಹೀಗೆ, ಒಂದು ವಾರ ಹಾಗೆ, ಯಾವ ವಾರ ಯಾರು ಮೇಲೆ ಅನ್ನುವುದಕ್ಕೂ ಸಾಫ್ಟ್‌ವೇರಿನಲ್ಲೇ ಸರದಿ. ಚಪ್ಪಾಳೆ ಬಿತ್ತು. ಅಣ್ಣನ ಮಗಳು ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಚಪ್ಪಾಳೆಗೆ ಕೈಮುಗಿದವನು ನಾನು.

ಆದರೆ ಹಾಳೆ ತಿರುಗಿಸುವ ಸರದಿಗೂ ಒಂದು ಚಿತ್ರ ಬೇಕಾಯಿತು. ಈ ಸಲ ಅವಳು ಹುಷಾರಾದಳು. ಮೇಲೆ ಕೆಳಗೆ ಅನ್ನುವ ತಂಟೆಯೇ ಬೇಡ ಅಂತ ಎಲ್ಲವನ್ನೂ ಅಡ್ಡಡ್ಡ ಬರೆದು ತಂದಳು. ಒಂದು ಬಾಣ ಎಡಕ್ಕೆ, ಒಂದು ಬಾಣ ಬಲಕ್ಕೆ, ಎರಡೂ ಒಂದೇ ಎತ್ತರದಲ್ಲಿ. ಕೆಳಗಿನ ಹಿರಿಯರು ಎದ್ದು ಹತ್ತಿರ ಹೋಗಿ, ಹಾಳೆಯನ್ನು ಈ ಮೂಲೆಯಿಂದ ಆ ಮೂಲೆಗೆ ನೋಡಿದರು. ಮೇಲ್ತೋಟದ ಒಬ್ಬರು ಹೋಗಿ ಅವರ ಪಕ್ಕ ನಿಂತು ನೋಡಿದರು. ಇಬ್ಬರಿಗೂ ಏನೂ ಹೊಳೆಯಲಿಲ್ಲ.

"ಎಲ್ಲಾ ಚೆನ್ನಾಗೈತೆ ಕಣವ್ವ," ಅಂದರು ಹಿರಿಯರು ಕೊನೆಗೆ, ಬಹಳ ಬೇಜಾರಿನಲ್ಲಿ. "ಆದ್ರೆ ಇದ್ರಲ್ಲಿ ಹೊಳೆ ಯಾವ ಕಡೆ ಐತೆ ಅಂತ ಹೇಳ್ಬುಡು. ಅದು ಗೊತ್ತಾಗ್ದೆ ನಾವು ಜಗಳ ಶುರು ಮಾಡೋದಾದ್ರೂ ಹೆಂಗೆ?"